ಎಲೆ ಉದುರುವ ಕಾಲದ ಶನಿವಾರಗಳು

ಸೆಪ್ಟೆಂಬರ್ ಮುಗಿಯುತ್ತ ಬಂದು ಮೇಪಲ್ ಮರಗಳ ನೆತ್ತಿಗೆ ಮೊದಲ ಕೆಂಪು ಹತ್ತಿತೆಂದರೆ ಆರ್ಲಿಸ್ ಟ್ವೀಟನ್‌ಳ ಸೊಂಟದ ನೋವು ಎದ್ದು ಕೂರುತ್ತಿತ್ತು. ನೋವು ವರ್ಷವಿಡೀ ಇದ್ದದ್ದೇ. ಆದರೆ ಎಲೆ ಉದುರುವ ಕಾಲ ಬಂದರೆ ಯಾರೋ ಅದನ್ನು ಹೆಸರು ಹಿಡಿದು ಕರೆದ ಹಾಗಾಗುತ್ತಿತ್ತು. ಆಗಿನಿಂದ ಮೊದಲ ಹಿಮ ಬೀಳುವ ತನಕ ಪ್ರತಿ ಶನಿವಾರ ಬೆಳಿಗ್ಗೆ ಬ್ಲಫ್ ಕ್ರೀಕ್ ಪ್ರಕೃತಿ ಕೇಂದ್ರದ ಅಂಗಳದಲ್ಲಿ ಊರಿನ ಪುಟ್ಟ ಮಕ್ಕಳು, ಅವರನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರು, ಕಾಫಿ ಲೋಟ ಹಿಡಿದ ಅಮ್ಮಂದಿರು ಬಂದು ನೆರೆಯುತ್ತಿದ್ದರು. ಅವರನ್ನೆಲ್ಲ ಕಾಡಿನೊಳಕ್ಕೆ ಕರೆದೊಯ್ದು, ಆಡಿಸಿ, ಮೈಯೆಲ್ಲ ಮಣ್ಣು ಮಾಡಿಸಿ, ಒಂದು ಮಗುವೂ ಕಡಿಮೆಯಾಗದಂತೆ ವಾಪಸು ತರುವುದು ಆರ್ಲಿಸ್‌ಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಳು. ಗಂಡನ ಹೆಸರಿಗಿಂತ ಹೆಚ್ಚು ಸಲ ‘ಓಕ್ ಕಾಯಿ’ ಎಂಬ ಮಾತು ತನ್ನ ಬಾಯಿಂದ ಬಂದಿದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅದನ್ನು ಹೇಳುವಾಗ ಅವಳು ನಗುತ್ತಲೂ ಇರಲಿಲ್ಲ.

ಕಾಡು, ಮರ, ಹಕ್ಕಿ ಎಂದರೆ ಅವಳಿಗೆ ಮೊದಲಿನಿಂದ ಪ್ರೀತಿಯಿತ್ತು ಎಂದು ಊರಿನವರು ತಿಳಿದಿದ್ದರು. ಹಾಗೇನೂ ಇರಲಿಲ್ಲ. ಅವಳು ವಿಸ್ಕಾನ್ಸಿನ್‌ನ ಈ ಗುಡ್ಡಸಾಲಿನಲ್ಲೇ ಹಾಲಿನ ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವಳು. ‘ಹೊರಗೆ ಹೋಗಿ ಆಡು’ ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ‘ಹೊರಗೆ ಹೋಗಿ ಮಾಡು’ ಎಂದೇ ಹೇಳಿದ್ದು. ಹೊರಗೆ ಎಂದರೆ ಸಗಣಿ, ಹೆಪ್ಪುಗಟ್ಟಿದ ನೀರಿನ ತೊಟ್ಟಿ, ಕೈ ಸೀಳುವ ಗಾಳಿ. ಬೆಚ್ಚನೆಯ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಮಾಡುವ ಕೆಲಸ ಸಿಕ್ಕರೆ ಸಾಕೆಂದು ಹುಡುಗಿಯಾಗಿದ್ದಾಗಲೇ ಅಂದುಕೊಂಡಿದ್ದಳು. ಹಾಲಿನ ಲಾರಿ ಓಡಿಸುತ್ತಿದ್ದ ಓರಿನ್‌ನನ್ನು ಮದುವೆಯಾದಳು, ಮಗಳು ಇಂಗಾಳನ್ನು ಹೆತ್ತಳು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಪ್ರಕೃತಿ ಕೇಂದ್ರದಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದಳು. ಮೇಜು ಇತ್ತು, ಒಲೆಯೂ ಇತ್ತು. ಅದೇ ಅವಳಿಗೆ ಬೇಕಾಗಿದ್ದದ್ದು.

ಒಂದು ಅಕ್ಟೋಬರಿನ ಶನಿವಾರ ಮಕ್ಕಳನ್ನು ಕರೆದೊಯ್ಯಬೇಕಾದ ಮನುಷ್ಯ ಸೊಂಟ ಹಿಡಿದುಕೊಂಡು ಮನೆಯಲ್ಲೇ ಮಲಗಿಬಿಟ್ಟ. ಮಕ್ಕಳು ಆಗಲೇ ಬಂದು ಬಾಗಿಲು ಬಡಿಯುತ್ತಿದ್ದವು. ಆರ್ಲಿಸ್‌ಗೆ ಯಾವ ಮರದ ಬಗ್ಗೆಯೂ ನಾಲ್ಕು ಮಾತು ಹೇಳಲು ಬರುತ್ತಿರಲಿಲ್ಲ. ಶೆಡ್ಡಿನಿಂದ ಎಲೆ ಎಳೆಯುವ ಉದ್ದ ಹಿಡಿಯ ಕುಂಟೆಗಳನ್ನು ತಂದು ಮಕ್ಕಳ ಕೈಗೆ ಕೊಟ್ಟಳು. “ಎಲೆ ಗುಡ್ಡೆ ಹಾಕ್ರಪ್ಪ. ನಿಮ್ಮಪ್ಪನಿಗಿಂತ ಎತ್ತರ ಆಗೋವರೆಗೂ ನಿಲ್ಲಿಸ್ಬೇಡಿ” ಎಂದಳು. ಗುಡ್ಡೆ ಎದ್ದಿತು. ಮಕ್ಕಳು ಅದರೊಳಗೆ ಹಾರಿದವು, ಹೂತುಹೋದವು, ಕಿರುಚಿದವು. ಒಬ್ಬ ಅಪ್ಪನೂ ಹಾರಿ ಕನ್ನಡಕ ಕಳೆದುಕೊಂಡ. ಮರುವಾರ ಜನ ಫೋನು ಮಾಡಿ, “ಎಲೆ ಗುಡ್ಡೆ ಹಾಕ್ಸಿದ್ರಲ್ಲ, ಆಯಮ್ಮ ಬರ್ತಾರಾ?” ಎಂದು ಕೇಳಿದರು. ಫೋನು ಎತ್ತಿದವಳು ಆಯಮ್ಮನೇ. ಹೀಗೆ ಅವಳ ಮೇಜು ಕೈತಪ್ಪಿತು.

ಅಲ್ಲಿಂದ ಇಪ್ಪತ್ತಾರು ಶರತ್ಕಾಲಗಳು. ಶೂಗಳ ಮೇಲೆ ಅಪ್ಪಂದಿರ ಹಳೇ ಉಣ್ಣೆಯ ಕಾಲುಚೀಲ ಎಳೆದುಕೊಂಡು ಹುಲ್ಲುಗಾವಲಿನಲ್ಲಿ ನಡೆದು, ಅಂಟಿಕೊಂಡ ಮುಳ್ಳುಬೀಜಗಳನ್ನು ಬಿಡಿಸಿ ನೋಡುವುದು. ಎಕ್ಕದ ಜಾತಿಯ ಗಿಡದ ಒಣಗಿದ ಕಾಯಿ ಒಡೆದು ಒಳಗಿನ ರೇಷ್ಮೆಯಂಥ ಅರಳೆಯನ್ನು ಗಾಳಿಗೆ ಊದುವುದು. ಚಳಿಗಾಲದ ಬಿಡಾರ ಹುಡುಕಿಕೊಂಡು ದಾರಿ ದಾಟುವ ಕಂಬಳಿಹುಳವನ್ನು ಅಂಗೈ ಮೇಲೆ ನಡೆಸುವುದು. ಕೊನೆಗೆ ಅಂಗಳಕ್ಕೆ ಬಂದು ಸೇಬಿನ ಬಿಸಿ ರಸ ಕುಡಿಯುವುದು. ಮಕ್ಕಳಿಗೆ ಪ್ರತಿ ಸಲವೂ ಹೊಸದು. ಅವಳಿಗೆ ಯಾವ ಸಲವೂ ಹೊಸದಲ್ಲ. ಆದರೂ ಕಂಬಳಿಹುಳ ಕಂಡ ಮಗು “ಮಿಸ್ ಆರ್ಲಿಸ್! ಮಿಸ್ ಆರ್ಲಿಸ್!” ಎಂದು ಕೂಗಿದರೆ ಮೊದಲ ಸಲ ನೋಡುವವಳಂತೆ ಮಂಡಿಯೂರಿ ಬಗ್ಗುತ್ತಿದ್ದಳು. ಬಗ್ಗುವುದು ಸುಲಭವಿತ್ತು. ಏಳುವುದಕ್ಕೆ ಯಾವುದಾದರೂ ಮರ ಹತ್ತಿರ ಇರಬೇಕಾಗುತ್ತಿತ್ತು.

ಅರವತ್ತೈದು ತುಂಬಿದ ವರ್ಷ ಇದನ್ನೆಲ್ಲ ಬಿಟ್ಟು ಮನೆಯಲ್ಲಿ ಕೂರಬೇಕೆಂದು ಅವಳು ನಿಶ್ಚಯಿಸಿದ್ದಳು. ಅಷ್ಟರಲ್ಲಿ ಓರಿನ್‌ನಿಗೆ ದಾರಿ ಮರೆಯತೊಡಗಿತು. ಈ ಗುಡ್ಡಸಾಲಿನ ಒಂದೊಂದು ಮನೆಯ ಓಣಿಯನ್ನೂ ಕತ್ತಲಲ್ಲಿ, ಹಿಮದಲ್ಲಿ ಓಡಿಸಿ ಬಲ್ಲವನು ಒಂದು ಸಂಜೆ ಅಂಗಡಿಯಿಂದ ಬ್ರೆಡ್ ತರಲು ಹೋಗಿ, ನಾಲ್ಕು ದಾರಿ ಕೂಡುವಲ್ಲಿ ಗಾಡಿ ನಿಲ್ಲಿಸಿಕೊಂಡು ಅಳುತ್ತ ಕೂತಿದ್ದ. ಆಮೇಲೆ ಡಾಕ್ಟರು, ಮಾತ್ರೆ, ಗಾಡಿಯ ಕೀಲಿ ಬಚ್ಚಿಡುವುದು. ಮಗಳು ಇಂಗಾ ದೂರದ ಡುಲೂತ್‌ನಲ್ಲಿ ಮೂರು ಮಕ್ಕಳ ಜೊತೆ ಒದ್ದಾಡುತ್ತಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ, “ಅಮ್ಮಾ, ನೀನು ಸ್ವಲ್ಪ ಹೊರಗೆ ಹೋಗ್ಬೇಕು ಕಣೇ, ನಾಲ್ಕು ಜನರ ಮುಖ ನೋಡ್ಬೇಕು” ಎನ್ನುತ್ತಿದ್ದಳು. ಹೀಗಾಗಿ ಆರ್ಲಿಸ್ ಶನಿವಾರಗಳನ್ನು ಬಿಡಲಿಲ್ಲ. ವಾರದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಇಂಥ ಮುದುಕರನ್ನು ನೋಡಿಕೊಳ್ಳುವವರಿದ್ದರು, ಶನಿವಾರ ಇರಲಿಲ್ಲ. ಓರಿನ್‌ನನ್ನೂ ಜೊತೆಗೇ ಕರೆದೊಯ್ಯತೊಡಗಿದಳು.

ಮೊದಲ ದಿನ ಅವಳಿಗೆ ನಾಚಿಕೆಯಾಗಿತ್ತು. ಮಕ್ಕಳಿಗೆಲ್ಲ ಒಂದೊಂದು ಖಾಲಿ ಮೊಟ್ಟೆಪೆಟ್ಟಿಗೆ ಕೊಟ್ಟು, ಒಂದೊಂದು ಗುಳಿಯಲ್ಲೂ ಕಾಡಿನ ಒಂದೊಂದು ವಸ್ತು ಇಡಬೇಕೆಂದು ಹೇಳಿದಾಗ ಓರಿನ್ ಕೂಡ ಕೈ ಚಾಚಿದ. ಆರಡಿ ಎತ್ತರದ, ಎಪ್ಪತ್ತು ದಾಟಿದ ಮನುಷ್ಯ. ಅವಳು ಕೊಟ್ಟಳು. ಅವನು ನೆಲ ನೋಡುತ್ತ ಹೊರಟ. ಅವನ ಬೆನ್ನಿಗೆ ಪಾಕೂ ಎಂಬ ನಾಲ್ಕು ವರ್ಷದ ಹುಡುಗಿ ಬಿದ್ದಳು. ಪಾಕೂಳನ್ನು ಕರೆತರುತ್ತಿದ್ದವಳು ಅವಳ ಅಮ್ಮನ ತಾಯಿ, ಯೇರ್ ಮುವಾ ಎಂಬ ಅಜ್ಜಿ, ಏಷ್ಯಾದ ಬೆಟ್ಟನಾಡಿನಿಂದ ವಲಸೆ ಬಂದ ಹ್ಮಾಂಗ್ ಜನಾಂಗದವಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳಿಗೆ ಶನಿವಾರವೂ ಡ್ಯೂಟಿ. ಅಜ್ಜಿ ಗಿಡ್ಡಗೆ, ಗಟ್ಟಿಮುಟ್ಟಾಗಿ, ಹೂವಿನ ಸ್ಕಾರ್ಫಿನ ಮೇಲೆ ದೊಡ್ಡ ಮೊಮ್ಮಗನೊಬ್ಬನ ದಪ್ಪ ಕೋಟು ಹಾಕಿಕೊಂಡು ಬರುತ್ತಿದ್ದಳು; ಮೊಮ್ಮಗಳನ್ನು ಗುಂಪಿನೊಳಕ್ಕೆ ಬಿಟ್ಟು ತಾನು ಅಕ್ರೋಟಿನ ಜಾತಿಯ ಹಿಕರಿ ಮರದ ಬುಡದಲ್ಲಿ ಬಿದ್ದ ಕಾಯಿಗಳನ್ನು ಆಯ್ದು ಚೀಲಕ್ಕೆ ತುಂಬುತ್ತಿದ್ದಳು.

“ಅದಲ್ಲ ಅಜ್ಜ, ಅದು ಕಲ್ಲು” ಎಂದಳು ಪಾಕೂ, ಓರಿನ್‌ನ ಪೆಟ್ಟಿಗೆಯೊಳಗೆ ಇಣುಕಿ. “ಟೋಪಿ ಇರೋ ಓಕ್ ಕಾಯಿ ಬೇಕು.”

“ಇದರ ಟೋಪಿ ಬಿದ್ದೋಗಿದೆ.”

“ಕಲ್ಲಿಗೆ ಟೋಪಿ ಇರಲ್ಲ! ನಿಂಗೇನೂ ಗೊತ್ತಿಲ್ಲ.”

“ಇಲ್ಲ” ಎಂದ ಓರಿನ್, ಬಹಳ ಸಮಾಧಾನದಿಂದ. “ನಂಗೇನೂ ಗೊತ್ತಿಲ್ಲ.”

“ಪರ್ವಾಗಿಲ್ಲ. ನಾನ್ ಹೇಳ್ಕೊಡ್ತೀನಿ.”

ದೂರದಿಂದ ಇದನ್ನು ಕೇಳಿಸಿಕೊಂಡ ಆರ್ಲಿಸ್ ಮುಖ ತಿರುಗಿಸಿಕೊಂಡು, ಇನ್ನೊಂದು ಮಗುವಿನ ಮೂಗು ಒರೆಸಿದಳು. ಮನೆಯಲ್ಲಿ ಒಂದು ಹೆಸರು ಮರೆತರೆ ಸಿಟ್ಟಿನಿಂದ ಬಾಗಿಲು ಗುದ್ದುವವನು ಇಲ್ಲಿ ಮಗುವಿನೆದುರು ತನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಂಡು ಹಗುರಾಗಿದ್ದ. ಆ ದಿನದಿಂದ ಶನಿವಾರ ಬೆಳಿಗ್ಗೆ ಅವನಿಗೆ ಬೂಟು ತೊಡಿಸಲು ಹೆಣಗಬೇಕಾಗಲಿಲ್ಲ. ತಾನೇ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ. ಎಡಗಾಲಿನದು ಬಲಗಾಲಿಗೆ ಹೋಗಿರುತ್ತಿತ್ತು, ಅಷ್ಟೆ.

ಆ ಅಕ್ಟೋಬರ್ ನಡುವೆ ಒಂದು ರಾತ್ರಿ ಗಟ್ಟಿಯಾಗಿ ಇಬ್ಬನಿ ಹೆಪ್ಪುಗಟ್ಟಿತು. ಮರುದಿನ ಶನಿವಾರ. ಗಾಳಿ ಎದ್ದು ಎಲೆಗಳು ಹಿಡಿಹಿಡಿಯಾಗಿ ಉದುರುತ್ತಿದ್ದವು. ಬೂದು ಕೊಕ್ಕರೆಗಳ ಸಾಲು ಕೂಗುತ್ತ ದಕ್ಷಿಣಕ್ಕೆ ಹೋಗುತ್ತಿತ್ತು. ಗಾಡಿಯಲ್ಲಿ ಬರುವಾಗ ಓರಿನ್ ಕಿಟಕಿಯಿಂದಾಚೆ ನೋಡುತ್ತ, “ಸ್ಕಾರ್ಸೆತ್ ಮನೆ ಹಾಲು ಎತ್ತೋದು ಉಳ್ಕೊಂಡಿದೆ” ಎಂದ. ಸ್ಕಾರ್ಸೆತ್ ಮನೆಯವರು ಹಸು ಮಾರಿ ಎಷ್ಟೋ ಕಾಲವಾಗಿತ್ತು. “ಆಮೇಲೆ ನೋಡೋಣ” ಎಂದಳು ಆರ್ಲಿಸ್. ರಾತ್ರಿಯೆಲ್ಲ ಅವನು ಎದ್ದು ಓಡಾಡಿ ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ. ಅವನ ಯಾವ ಮಾತು ಹಿಡಿಯಬೇಕು, ಯಾವುದು ಬಿಡಬೇಕು ಎಂದು ಯೋಚಿಸುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಅಂದು ಕಾಲುಚೀಲದ ನಡಿಗೆ. ಮಕ್ಕಳ ಶೂಗಳ ಮೇಲೆ ಚೀಲ ಎಳೆದು ಎಳೆದು ಅವಳ ಬೆರಳು ಸೋತವು. ಹುಲ್ಲುಗಾವಲಿನ ನಡುವೆ ಒಂದು ಮಗು ಬಿದ್ದು ಹೊರಳಿ, ತಲೆಗೂದಲ ತುಂಬ ಮುಳ್ಳುಬೀಜ ಮೆತ್ತಿಕೊಂಡು ಬೊಬ್ಬೆ ಹಾಕಿತು. ಅದರ ಅಪ್ಪ ಎಳೆಯುವುದಕ್ಕೆ ಹೋಗಿ ಇನ್ನಷ್ಟು ಗಂಟು ಮಾಡಿದ. “ಬಿಡಪ್ಪ ನೀನು. ಮಗಳ ತಲೆ ಅದು, ಟ್ರ್ಯಾಕ್ಟರ್ ಬೆಲ್ಟ್ ಅಲ್ಲ” ಎಂದು ಆರ್ಲಿಸ್ ಮಗುವನ್ನು ಮಡಿಲಿಗೆಳೆದುಕೊಂಡು ಒಂದೊಂದೇ ಬೀಜ ಬಿಡಿಸಿದಳು. ಮಗುವಿನ ತಲೆ ಬಿಸಿಯಾಗಿತ್ತು, ಬಿಸಿಲೂ ಇತ್ತು. ಬಿಡಿಸುತ್ತ ಬಿಡಿಸುತ್ತ ಅವಳ ಕಣ್ಣು ಎಳೆಯಿತು. ಹಾಗೆ ಎಷ್ಟು ಹೊತ್ತು ಕೂತಿದ್ದಳೋ. ಎದ್ದು ತಲೆ ಎಣಿಸಿದಾಗ ಒಂದು ಮಗು ಕಡಿಮೆ. ಇನ್ನೊಮ್ಮೆ ಎಣಿಸಿದಳು. ಆಮೇಲೆ ಎಣಿಸಲಿಲ್ಲ, ಓರಿನ್ ಎಲ್ಲಿ ಎಂದು ನೋಡಿದಳು.

ಓರಿನ್ ಇರಲಿಲ್ಲ. ಪಾಕೂನೂ ಇರಲಿಲ್ಲ.

ಆರ್ಲಿಸ್ “ಪಾಕೂ!” ಎಂದು ಕೂಗಿದಳು. ಹಿಕರಿ ಮರದ ಕೆಳಗಿದ್ದ ಯೇರ್ ಅಜ್ಜಿ ತಲೆಯೆತ್ತಿದಳು. ಅವಳ ಕೈಯಿಂದ ಚೀಲ ಜಾರಿ ಕಾಯಿಗಳು ಚೆಲ್ಲಿದವು.

ಕೇಂದ್ರದ ಮೇಲ್ವಿಚಾರಕ ಟ್ರೆಂಟ್ ನೀಬರ್ ಎಂಬ ಎಳೆಯ ಮನುಷ್ಯ ಓಡಿಬಂದ. ಪೊಲೀಸರಿಗೆ ಫೋನು ಹೋಯಿತು. ಅಜ್ಜಿಯ ಮಗಳು ಶೆಂಗ್‌ಗೂ ಹೋಯಿತು. ಅಪ್ಪಂದಿರೆಲ್ಲ ತೊರೆಯ ಕಡೆಗೆ ಓಡಿದರು. ಅಲ್ಲಿ ನೀರು ಆಳವಿಲ್ಲದಿದ್ದರೂ ಆ ಚಳಿಯಲ್ಲಿ ಆಳ ಯಾಕೆ ಬೇಕು. ಅಮ್ಮಂದಿರು ತಮ್ಮ ತಮ್ಮ ಮಕ್ಕಳನ್ನು ಬಿಗಿಯಾಗಿ ಹಿಡಿದುಕೊಂಡು, ಆರ್ಲಿಸ್‌ಳನ್ನು ನೋಡಿಯೂ ನೋಡದಂತೆ ನಿಂತರು.

“ಎಲ್ಲಿಗೆ ಹೋಗಿರ್ಬಹುದು ಅಂತ ಏನಾದ್ರೂ ಹೇಳಿದ್ರಾ ಅವರು?” ಎಂದು ಟ್ರೆಂಟ್ ಕೇಳಿದ.

“ಅವನು ಏನೇನೋ ಹೇಳ್ತಾನಪ್ಪ. ದಿನವಿಡೀ ಹೇಳ್ತಾನೆ...” ಎಂದವಳ ಮಾತು ಅಲ್ಲೇ ನಿಂತಿತು. “ಹಾಲು. ಸ್ಕಾರ್ಸೆತ್ ಮನೆ ಹಾಲು ಅಂದಿದ್ದ.”

ಸ್ಕಾರ್ಸೆತ್‌ರ ಕೊಟ್ಟಿಗೆ ಗುಡ್ಡದ ನೆತ್ತಿಯಲ್ಲಿ, ಬೇಲಿಯಾಚೆ. ಟ್ರೆಂಟ್ ಗಾಡಿ ತೆಗೆದುಕೊಂಡು ರಸ್ತೆಯ ಸುತ್ತು ಹಿಡಿದ. ಆರ್ಲಿಸ್ ಕಾಯಲಾರದೆ ಕಾಡಿನ ಏರು ಹತ್ತಿದಳು. ಹಿಂದೆ ಎಲೆ ಸರಸರಗುಟ್ಟಿದ್ದು ಕೇಳಿ ನೋಡಿದರೆ ಯೇರ್ ಅಜ್ಜಿ ಏದುಸಿರು ಬಿಡುತ್ತ ಬರುತ್ತಿದ್ದಳು. ಇಬ್ಬರಿಗೂ ಮಂಡಿ ಸರಿಯಿಲ್ಲ. ಒಣ ಎಲೆಯ ಮೇಲೆ ಕಾಲಿಟ್ಟರೆ ಕಾಲು ಹಿಂದಕ್ಕೇ ಜಾರುತ್ತಿತ್ತು. ಒಂದು ಕಡೆ ಆರ್ಲಿಸ್ ಬಿದ್ದಳು; ಅಜ್ಜಿ ಕೋಟಿನ ತೋಳು ಹಿಡಿದು ಎಳೆದು ಎಬ್ಬಿಸಿದಳು. ಇನ್ನೊಂದು ಕಡೆ ಅಜ್ಜಿ ಕೂತುಬಿಟ್ಟಳು.

“ನಿನ್ ಗಂಡ ಜೋರು ನಡೀತಾನೆ” ಎಂದಳು ಅಜ್ಜಿ ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ. “ತಲೆ ಹೋಯ್ತು. ಕಾಲು ಹೋಗಿಲ್ಲ.”

“ನನ್ನ ಕ್ಷಮ್ಸಿ” ಎಂದಳು ಆರ್ಲಿಸ್.

“ನಮ್ಮನೆಯವ್ನೂ ಹಂಗೇ. ಬೀಗ ಹಾಕ್ತಿದ್ದೆ. ಬಾಗಿಲ ಹತ್ರ ಕೂತು ಅಳ್ತಿದ್ದ.” ಅಜ್ಜಿ ಕೈ ನೀಡಿದಳು. “ಎತ್ತು ನನ್ನ. ಆಮೇಲೆ ಅಳು. ಈಗ ಹತ್ತು.”

ಬೇಲಿಯ ತಂತಿ ಒಬ್ಬರಿಗೊಬ್ಬರು ಎತ್ತಿ ಹಿಡಿದು ನುಸುಳಿದರು. ಕೊಯ್ದ ಜೋಳದ ಹೊಲದ ಕೂಳೆಗಳನ್ನು ದಾಟಿದರು. ಕೊಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಹಸುವಿನ ಕೂಗು ಕೇಳಿಸಿತು, ಸಣ್ಣ ಗಂಟಲಿನ ಹಸು.

ಓರಿನ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಅವನ ಕೋಟು ಪಾಕೂಳ ಮೈಮೇಲಿತ್ತು, ನೆಲಕ್ಕೆ ಎಳೆದಾಡುತ್ತಿತ್ತು. ಹುಡುಗಿ ಹಸು ಕಟ್ಟುವ ಕಂಬಿಗಳ ನಡುವೆ ನಾಲ್ಕು ಕಾಲಿನ ಮೇಲೆ ನಿಂತು ಅಂಬಾ ಎನ್ನುತ್ತಿದ್ದಳು.

“ಹಸು ಇಲ್ಲ ಅಂತ ಅಜ್ಜ ಅಳ್ತಿದ್ದ” ಎಂದಳು ಇವರನ್ನು ನೋಡಿ. “ಅದಕ್ಕೇ ನಾನೇ ಹಸು ಆದೆ.”

ಯೇರ್ ಅಜ್ಜಿ ಓಡಿಹೋಗಿ ಮೊಮ್ಮಗಳ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅಪ್ಪಿಕೊಂಡು, ತನ್ನ ಭಾಷೆಯಲ್ಲಿ ಒಂದೇ ಸಮನೆ ಬೈದಳು. ಓರಿನ್ ಹೆಂಡತಿಯ ಮುಖ ನೋಡಿದ. ಅವನ ತುಟಿ ಚಳಿಗೆ ನೀಲಿಯಾಗಿತ್ತು.

“ಇವರ ಹಸುಗಳೆಲ್ಲ ಏನಾದ್ವು ಆರ್ಲಿಸ್? ಹಾಲು ಎತ್ತಿ, ಇಂಗಾನ ಸ್ಕೂಲಿಗೆ ಬಿಟ್ಟುಬರೋಣ ಅಂತ ಬಂದೆ.”

“ಹಸು ಮಾರಿದ್ರು ಓರಿನ್. ಎಲ್ಲರೂ ಮಾರಿದ್ರು.”

“ನಂಗ್ಯಾರೂ ಹೇಳ್ಲೇ ಇಲ್ಲ” ಎಂದ ಅವನು.

ಆರ್ಲಿಸ್‌ಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹೊದಿಸಿದಳು. ಅದು ಅವನ ಅರ್ಧ ಬೆನ್ನಿಗೂ ಸಾಲಲಿಲ್ಲ.

ಟ್ರೆಂಟ್‌ನ ಗಾಡಿಯಲ್ಲಿ ಎಲ್ಲರೂ ಕೆಳಗಿಳಿದಾಗ ಶೆಂಗ್ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಅಂಗಳಕ್ಕೆ ಬಂದು ನಿಂತಿದ್ದಳು. ಮಗಳನ್ನು ಎತ್ತಿಕೊಂಡು, ಅಂಗೈ, ಮೊಣಕಾಲು, ಕತ್ತು, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಆರ್ಲಿಸ್ ಕಡೆ ತಿರುಗಿದಳು.

“ನಿಮ್ಮನ್ನ ನಂಬಿ ಬಿಟ್ಟಿದ್ದು ನಾನು. ನನ್ ಮಗಳನ್ನ ಯಾರೋ ಕೈ ಹಿಡ್ಕೊಂಡು ಕಾಡೊಳಗೆ ಹೊರಟುಹೋದ್ರು. ನೀವೇನ್ ಮಾಡ್ತಿದ್ರಿ? ಎಲೆ ತೋರಿಸ್ತಾ ಕೂತಿದ್ರಾ?”

“ಕಣ್ಣು ಮುಚ್ಚಿದ್ದೆ” ಎಂದಳು ಆರ್ಲಿಸ್. “ಒಂದು ಗಳಿಗೆ. ನೀನು ಹೇಳೋದು ಸರಿ ಕಣಮ್ಮ.”

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಶೆಂಗ್‌ಗೆ ಈ ಉತ್ತರ ಇನ್ನಷ್ಟು ಸಿಟ್ಟು ತರಿಸಿತು. “ನೀನೂ ಅಷ್ಟೇ ಅಮ್ಮ, ಕಾಯಿ ಆರಿಸ್ತಾ ಕೂತಿದ್ದೆ!” ಎಂದು ತಾಯಿಯ ಮೇಲೂ ಹರಿಹಾಯ್ದು ಅತ್ತುಬಿಟ್ಟಳು. ಅವಳ ಹೆಗಲ ಮೇಲಿಂದ ಪಾಕೂ ಓರಿನ್‌ನಿಗೆ ಕೈ ಬೀಸಿದಳು. ಓರಿನ್‌ನೂ ಬೀಸಿದ. ಯಾರಿಗೆ ಬೀಸುತ್ತಿದ್ದೇನೆಂಬುದು ಆಗಲೇ ಅವನಿಗೆ ಮರೆತುಹೋಗಿತ್ತು.

ಸೋಮವಾರ ಟ್ರೆಂಟ್ ಆರ್ಲಿಸ್‌ಳನ್ನು ಕೂರಿಸಿಕೊಂಡು ಮಾತಾಡಿದ. ಒಳ್ಳೆಯ ಹುಡುಗ, ಆ ಮಾತು ಆಡಲು ಅವನಿಗೂ ಇಷ್ಟವಿರಲಿಲ್ಲ. “ನೀವು ಬನ್ನಿ ಆರ್ಲಿಸ್. ನೀವಿಲ್ದೆ ಶನಿವಾರ ಇಲ್ಲ. ಆದ್ರೆ ಓರಿನ್‌ನ ಕರ್ಕೊಂಡ್ ಬರೋ ಹಾಗಿಲ್ಲ.”

“ಅವನನ್ನ ಎಲ್ಲಿ ಬಿಡ್ಲಿ?”

“ಅದಕ್ಕೆ ನೀವೇ ಏನಾದ್ರೂ ದಾರಿ ಮಾಡ್ಕೋಬೇಕು” ಎಂದ ಟ್ರೆಂಟ್.

“ಹಾಗಾದ್ರೆ ನಾನೂ ಇಲ್ಲ ಬಿಡಪ್ಪ” ಎಂದು ಅವಳು ಎದ್ದಳು. ಎದೆ ಒಡೆದೀತೆಂದು ಕಾದಳು. ಒಡೆಯಲಿಲ್ಲ. ಮನೆಗೆ ಹೋಗಿ ಬೂಟು ಕೂಡ ಬಿಚ್ಚದೆ ಸೋಫಾದ ಮೇಲೆ ಒರಗಿದವಳು ಸಂಜೆ ಚರ್ಚಿನವರು ಮನೆಗೆ ತಂದುಬಿಟ್ಟ ಓರಿನ್ ಬಂದು ಅಲುಗಿಸುವ ತನಕ ಸತ್ತವಳಂತೆ ನಿದ್ದೆ ಮಾಡಿದಳು. ಎದ್ದಾಗ ಅವಳಿಗೆ ಅನಿಸಿದ್ದು ದುಃಖವಲ್ಲ. ಇನ್ನು ಯಾರ ಮೂಗೂ ಒರೆಸಬೇಕಾಗಿಲ್ಲ, ಯಾವ ಕಂಬಳಿಹುಳಕ್ಕೂ ಆಶ್ಚರ್ಯಪಡಬೇಕಾಗಿಲ್ಲ. ಅಷ್ಟು ಸಮಾಧಾನವಾದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು, ಅಷ್ಟೆ.

ಮುಂದಿನ ಶನಿವಾರ ಓರಿನ್ ಬೂಟು ತೊಟ್ಟು ಬಾಗಿಲಲ್ಲಿ ನಿಂತ. “ಇವತ್ತಿಲ್ಲ ಓರಿನ್” ಎಂದಳು. ಅವನು ಹೂಂ ಎಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಾಗಿಲಿಗೆ ಹೋದ. ಮಧ್ಯಾಹ್ನದವರೆಗೂ ಇದೇ ನಡೆಯಿತು. ಅವಳು ಹಿತ್ತಲಿಗೆ ಕರೆದೊಯ್ದು ಕುಂಟೆ ಕೊಟ್ಟಳು. ಅವನು ಎಲೆಗಳನ್ನು ಅಚ್ಚುಕಟ್ಟಾಗಿ ಗುಡ್ಡೆ ಮಾಡಿ, ಕುಂಟೆಗೆ ಗಲ್ಲ ಊರಿ, ಯಾರಾದರೂ ಬಂದು ಹಾರುತ್ತಾರೇನೋ ಎಂಬಂತೆ ಕಾದು ನಿಂತ. ಆ ಶನಿವಾರ ಕೇಂದ್ರದಲ್ಲಿ ಟ್ರೆಂಟ್ ತಾನೇ ಮಕ್ಕಳನ್ನು ಕರೆದೊಯ್ದನಂತೆ. ಎಲೆಯ ಬಣ್ಣ ಯಾಕೆ ಮಾಸುತ್ತದೆಂದು ಅವನು ವಿವರಿಸುತ್ತಿದ್ದಾಗ ಅರ್ಧ ಮಕ್ಕಳು ಅತ್ತವಂತೆ, ಇನ್ನರ್ಧ ಮಕ್ಕಳು ಕೆಸರಿಗೆ ಇಳಿದವಂತೆ. ಅಂಗಡಿಯಲ್ಲಿ ಸಿಕ್ಕ ಒಬ್ಬ ತಾಯಿ ಇದನ್ನು ಹೇಳಿದಾಗ ಆರ್ಲಿಸ್ “ಪಾಪ” ಎಂದು ತನ್ನ ಬೆಣ್ಣೆ, ಬ್ರೆಡ್ ತೆಗೆದುಕೊಂಡು ಬಂದಳು.

ಅದರ ಮುಂದಿನ ಶನಿವಾರ, ಆ ವರ್ಷದ ಕೊನೆಯ ನಡಿಗೆ. ಬೆಳಿಗ್ಗೆ ಆರ್ಲಿಸ್ ನೈಟಿಯಲ್ಲೇ ಕಾಫಿ ಕುಡಿಯುತ್ತಿದ್ದಾಗ ಮನೆಯ ಮುಂದೆ ಗಾಡಿ ನಿಂತಿತು. ಯೇರ್ ಅಜ್ಜಿ ಇಳಿದು, ಟವೆಲ್ಲು ಸುತ್ತಿದ ಪಾತ್ರೆ ಹಿಡಿದುಕೊಂಡು ಬಂದಳು. ಗಾಡಿಯಲ್ಲಿ ಶೆಂಗ್ ಎಂಜಿನ್ ಆರಿಸದೆ, ಈ ಕಡೆ ತಿರುಗದೆ ಕೂತಿದ್ದಳು.

“ಕೋಳಿ ಸಾರು. ಬೇರು ಹಾಕಿದೀನಿ, ಮಂಡಿಗೆ ಒಳ್ಳೇದು” ಎಂದು ಅಜ್ಜಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು, ಕೋಟು ಬಿಚ್ಚಿದಳು, ಓರಿನ್‌ನ ಎದುರಿನ ಕುರ್ಚಿಯಲ್ಲಿ ಕೂತಳು. ಚೀಲದಿಂದ ಹಿಕರಿ ಕಾಯಿಗಳನ್ನೂ ಎರಡು ಕಲ್ಲುಗಳನ್ನೂ ತೆಗೆದು ಮೇಜಿನ ಮೇಲೆ ಹರಡಿದಳು. “ನೀನ್ ಹೋಗು. ಮಕ್ಕಳು ಕಾಯ್ತಿವೆ. ನಾನು ಇವನ ಹತ್ರ ಇರ್ತೀನಿ.”

ಆರ್ಲಿಸ್ ನಿಂತೇ ಇದ್ದಳು. ತನಗೆ ಹೋಗುವ ಮನಸ್ಸಿಲ್ಲ, ಮಲಗಬೇಕು, ಒಂದು ಶನಿವಾರ ಸುಮ್ಮನೆ ಗೋಡೆ ನೋಡುತ್ತ ಕೂರಬೇಕು ಎಂದು ಹೇಳಬೇಕೆನಿಸಿತು. ಇಷ್ಟು ದೂರ ಸಾರು ಹೊತ್ತು ತಂದ ಹೆಂಗಸಿಗೆ ಅದನ್ನು ಹೇಳುವುದು ಹೇಗೆ? ಈ ಉಪಕಾರ ಬೇಡವಾಗಿತ್ತು. ಆದರೆ ಉಪಕಾರ ಬಂದು ಅಡುಗೆಮನೆಯಲ್ಲಿ ಕೂತಾಗಿತ್ತು.

“ಯಾಕೆ ನಿಂತೆ? ಬಟ್ಟೆ ಹಾಕ್ಕೋ. ನೈಟಿಲಿ ಹೋದ್ರೆ ಕರಡಿನೂ ಓಡಿಹೋಗುತ್ತೆ.”

ಆರ್ಲಿಸ್‌ಗೆ ಬಹಳ ದಿನಗಳ ಮೇಲೆ ನಗು ಬಂತು. ಬಟ್ಟೆ ಹಾಕಿಕೊಂಡಳು.

ಮರಗಳೆಲ್ಲ ಬೋಳಾಗಿದ್ದವು, ಓಕ್ ಮರಗಳು ಮಾತ್ರ ಕಂದು ಎಲೆ ಹಿಡಿದುಕೊಂಡಿದ್ದವು. ಅವಳನ್ನು ಕಂಡ ಟ್ರೆಂಟ್‌ನ ಮುಖ ನೋಡಬೇಕಿತ್ತು, ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ. ಅವಳು ಅಂದು ಹೊಸದೇನೂ ಮಾಡಿಸಲಿಲ್ಲ. ಎಲ್ಲರನ್ನೂ ಎಲೆಗಳ ಮೇಲೆ ಅಂಗಾತ ಮಲಗಿಸಿ, ಕಣ್ಣು ಮುಚ್ಚಿ ಗಾಳಿ ಕೇಳಿ ಎಂದಳು. ನಿಜ ಹೇಳಬೇಕೆಂದರೆ ಅವಳಿಗೇ ಮಲಗಬೇಕಾಗಿತ್ತು. ಆದರೆ ಕಣ್ಣು ಮುಚ್ಚಲಿಲ್ಲ. ತಲೆಗಳನ್ನು ಎಣಿಸುತ್ತಲೇ ಇದ್ದಳು. ಶೆಂಗ್ ಆ ದಿನ ರಜೆ ಹಾಕಿ ಬಂದಿದ್ದಳು, ಮಗಳ ಪಕ್ಕದಲ್ಲಿ ಕೈ ಹಿಡಿದೇ ಮಲಗಿದ್ದಳು. “ನಿನ್ ಅಜ್ಜ ಎಲ್ಲಿ?” ಎಂದು ಪಾಕೂ ಎರಡು ಸಲ ಕೇಳಿದಳು. “ನಿಮ್ಮಜ್ಜಿ ಹತ್ರ” ಎಂದರೆ ಅವಳಿಗೆ ಅದು ನ್ಯಾಯವೆನಿಸಲಿಲ್ಲ. “ಅಜ್ಜಿಗೆ ಹಸು ಆಗೋಕ್ ಬರಲ್ಲ” ಎಂದಳು.

ಸೇಬಿನ ರಸ ಕುಡಿಯುವಾಗ ಶೆಂಗ್ ಹತ್ತಿರ ಬಂದಳು. “ನಾನು ಇನ್ನೂ ಮರೆತಿಲ್ಲ ಮಿಸ್ ಆರ್ಲಿಸ್. ನಿಮಗೆ ಗೊತ್ತಿರ್ಲಿ. ರಾತ್ರಿ ಎದ್ದೆದ್ದು ಅವಳ ಹಾಸಿಗೆ ನೋಡ್ತೀನಿ.”

“ಮರೀಬೇಡ” ಎಂದಳು ಆರ್ಲಿಸ್. “ನಾನೂ ಎದ್ದೆದ್ದು ನೋಡ್ತೀನಿ.”

ಶೆಂಗ್ ತಲೆಯಾಡಿಸಿದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ಖಾಲಿ ಲೋಟಗಳನ್ನು ಎತ್ತಿ ಜೋಡಿಸಿ ಹೊರಟುಹೋದಳು.

ಮನೆಗೆ ಬಂದರೆ ಓರಿನ್ ಮತ್ತು ಯೇರ್ ಅಜ್ಜಿ ಎದುರುಬದುರು ಕೂತು ಕಾಯಿ ಒಡೆಯುತ್ತಿದ್ದರು. ಅವನು ಕುಟ್ಟುತ್ತಿದ್ದ, ಅವಳು ಸೂಜಿಯಿಂದ ತಿರುಳು ತೆಗೆಯುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು, ಅವನು ಹಾಲಿನ ಲಾರಿಯ ಬಗ್ಗೆ ತನ್ನ ಭಾಷೆಯಲ್ಲಿ, ಅವಳು ಯಾವುದೋ ಬೆಟ್ಟದ ಬಗ್ಗೆ ತನ್ನ ಭಾಷೆಯಲ್ಲಿ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುತ್ತಿದ್ದರು. ಆರ್ಲಿಸ್ ಸಾರು ಬಿಸಿ ಮಾಡಿ ಮೂರು ಬಟ್ಟಲಿಗೆ ಬಡಿಸಿದಳು. ಕಹಿಯಾಗಿತ್ತು. ಎರಡನೇ ಸಲವೂ ಹಾಕಿಸಿಕೊಂಡಳು.

ಮರುವರ್ಷದ ಶರತ್ಕಾಲವೂ ಹೀಗೇ ನಡೆಯಿತು. ಶನಿವಾರ ಅಜ್ಜಿ ಬರುತ್ತಿದ್ದಳು, ಆರ್ಲಿಸ್ ಹೋಗುತ್ತಿದ್ದಳು. ಆ ಚಳಿಗಾಲದಲ್ಲಿ ಓರಿನ್ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಅವನನ್ನು ಎತ್ತಲು ಅವಳಿಂದಾಗಲಿಲ್ಲ. ಊರಾಚೆಯ ಶುಶ್ರೂಷಾ ಮನೆಗೆ ಸೇರಿಸಬೇಕಾಯಿತು. ಅಲ್ಲಿ ಅವನು ಎರಡು ವರ್ಷ ಇದ್ದ, ಕೊನೆಕೊನೆಗೆ ಯಾರನ್ನೂ ಗುರುತಿಸುತ್ತಿರಲಿಲ್ಲ. ಅವನು ಸತ್ತದ್ದು ಮೇ ತಿಂಗಳಲ್ಲಿ, ಎಲೆಗಳೆಲ್ಲ ಹೊಸದಾಗಿದ್ದಾಗ. ಅದಾದ ಮೇಲೆ ಬಂದ ಸೆಪ್ಟೆಂಬರಿನಲ್ಲಿ ಟ್ರೆಂಟ್ ಫೋನು ಮಾಡಿದ. ಆರ್ಲಿಸ್ “ಸಾಕಪ್ಪ” ಎಂದಳು. ಅವನು ಒತ್ತಾಯ ಮಾಡಲಿಲ್ಲ.

ಈಗ ಶನಿವಾರ ಅವಳು ಬಿಸಿಲು ಹಾಸಿಗೆಗೆ ಬರುವ ತನಕ ಮಲಗುತ್ತಾಳೆ. ಬೆನ್ನು ನೋಯದ ದಿನ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಗಾಡಿಯಲ್ಲಿ ಕೇಂದ್ರದವರೆಗೆ ಹೋಗುವುದುಂಟು. ಯೇರ್ ಅಜ್ಜಿಯೂ ಪಕ್ಕದ ಸೀಟಿನಲ್ಲಿ ಇರುತ್ತಾಳೆ. ಇಬ್ಬರೂ ಇಳಿಯುವುದಿಲ್ಲ. ಮಕ್ಕಳನ್ನು ಈಗ ಕರೆದೊಯ್ಯುವವಳು ಹೊಸ ಹುಡುಗಿ. ಗಂಟಲು ಜೋರು, ಮಂಡಿ ಗಟ್ಟಿ. ಅವಳ ಹಿಂದೆ ಮಕ್ಕಳು ಎಲೆ ಒದೆಯುತ್ತ, ಬೀಳುತ್ತ, ಅಳುತ್ತ ಕಾಡಿನೊಳಕ್ಕೆ ಹೋಗುತ್ತವೆ.

“ಹೋಗ್ಬೇಕು ಅನ್ಸುತ್ತಾ?” ಎಂದು ಒಮ್ಮೆ ಅಜ್ಜಿ ಕೇಳಿದಳು.

“ಇಲ್ಲ” ಎಂದಳು ಆರ್ಲಿಸ್. ಕಿಟಕಿ ಸ್ವಲ್ಪ ಇಳಿಸಿದಳು. ತಣ್ಣನೆಯ ಗಾಳಿ ಬಂತು, ಕೊಳೆತ ಎಲೆಯ ವಾಸನೆ ಬಂತು. ಇಬ್ಬರೂ ಕಾಫಿ ಮುಗಿಯುವ ತನಕ ಕೂತಿದ್ದು, ಹೀಟರ್ ಹಾಕಿಕೊಂಡು ಮನೆಗೆ ಹೊರಟರು.